ಎಫ್ ಕಾರ್ಡ್ ಹಿಡಿದರೆ ಕೈ ನೋವು: ತಪ್ಪು ಕೈಯದೋ, ಗಿಟಾರಿನದೋ?

ಪ್ರಶ್ನೆ: ಐದು ತಿಂಗಳಿಂದ ಅಕೌಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ಮೊದಮೊದಲು ಬೆರಳ ತುದಿ ಮಾತ್ರ ಉರಿಯುತ್ತಿತ್ತು. ಮಳೆಗಾಲ ಶುರುವಾದ ಮೇಲೆ ಎಫ್ ಬಾರ್ ಕಾರ್ಡ್ (ತೋರುಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿದರೆ ಎಡಗೈ ಹೆಬ್ಬೆರಳ ಬುಡ, ಮಣಿಗಂಟು ಎರಡೂ ನೋಯುತ್ತವೆ. “ಬಾರಿಸ್ತಾ ಬಾರಿಸ್ತಾ ಸರಿಯಾಗ್ತದೆ” ಅನ್ನುತ್ತಾರೆ. ಹೌದಾ? ಅಥವಾ ಬಿಟ್ಟುಬಿಡಬೇಕಾ?
– ಉಡುಪಿಯ ಓದುಗರೊಬ್ಬರು

ಉತ್ತರ: ಬೆರಳ ತುದಿಯ ಉರಿಯ ಮಟ್ಟಿಗೆ ಆ ಮಾತು ಸರಿ. ದಿನಾ ಸ್ವಲ್ಪ ಸ್ವಲ್ಪ ಬಾರಿಸಿದರೆ ಎರಡರಿಂದ ನಾಲ್ಕು ವಾರದಲ್ಲಿ ಚರ್ಮ ಜಡ್ಡುಗಟ್ಟಿ ಉರಿ ನಿಲ್ಲುತ್ತದೆ. ಹೆಬ್ಬೆರಳ ಬುಡ, ಮಣಿಗಂಟು, ಮೊಣಕೈ ವಿಷಯದಲ್ಲಿ ಅದು ನಡೆಯುವುದಿಲ್ಲ. ಅಲ್ಲಿರುವ ಸ್ನಾಯುರಜ್ಜು, ನರಗಳು ಜಡ್ಡುಗಟ್ಟುವುದಿಲ್ಲ, ಒತ್ತಡ ಹೆಚ್ಚಾದಷ್ಟೂ ಕೆರಳುತ್ತವೆ. ಹಾಗಾಗಿ ಬಾರ್ ಕಾರ್ಡ್‌ಗಳನ್ನು ಇವತ್ತೇ ನಿಲ್ಲಿಸಿ. ಗಿಟಾರನ್ನೇ ಬಿಡಬೇಕಾಗಿಲ್ಲ. ಕೈಗೆ ಮುಲಾಮು ಹಚ್ಚುವ ಮೊದಲು ಗಿಟಾರನ್ನು ಒಮ್ಮೆ ಅಳೆದು ನೋಡಿ. “ಮಳೆಗಾಲ ಶುರುವಾದ ಮೇಲೆ” ಅಂದಿರಲ್ಲ, ನಮ್ಮ ಕರಾವಳಿಯಲ್ಲಿ ಅದು ಸಣ್ಣ ಸುಳಿವಲ್ಲ.

ಗಿಟಾರಿನ ಮರಕ್ಕೆ ಹಿತವಾದ ಆರ್ದ್ರತೆ ಶೇ 45ರಿಂದ 55. ಜೂನ್ ಕಳೆದರೆ ಉಡುಪಿ, ಮಂಗಳೂರಿನ ಮನೆಯೊಳಗೆ ಅದು ಶೇ 80 ದಾಟುವುದು ಮಾಮೂಲು. ಮರ ತೇವ ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಮೇಲಿನ ಹಲಗೆಗೆ ಹೊಟ್ಟೆ ಬರುತ್ತದೆ, ಅದರ ಜೊತೆ ಬ್ರಿಡ್ಜ್ (ಆ ಹಲಗೆಗೆ ಅಂಟಿಸಿದ, ತಂತಿ ಸಿಕ್ಕಿಸುವ ತುಂಡು) ಮೇಲೇಳುತ್ತದೆ, ತಂತಿ ಫ್ರೆಟ್‌ನಿಂದ (ಬೆರಳಿಡುವ ಜಾಗದ ಲೋಹದ ಅಡ್ಡಪಟ್ಟಿ) ದೂರವಾಗುತ್ತದೆ. ಬೇಸಗೆಯಲ್ಲಿ ಸುಲಭವಾಗಿದ್ದ ಕಾರ್ಡ್ ಜುಲೈಯಲ್ಲಿ ಕಷ್ಟವಾಗುವುದು ಹೀಗೆ. ಪ್ಲೈವುಡ್ ಹಲಗೆಯದ್ದಾದರೆ ಈ ಕಾಟ ಕಡಿಮೆ, ಒಂದೇ ಪದರದ ಮರದ ಹಲಗೆಗೆ (ಸಾಲಿಡ್ ಟಾಪ್) ಜಾಸ್ತಿ.

ಅರ್ಧ ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಶ್ರುತಿ ಸರಿಯಿರುವಾಗ 12ನೇ ಫ್ರೆಟ್‌ನ ತಲೆಯಿಂದ ತಂತಿಯ ಅಡಿಯವರೆಗೆ ಅಳೆಯಿರಿ. ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ತೆಳು ತಂತಿಗೆ 2 ಮಿ.ಮೀ. ಒಳಗಿದ್ದರೆ ಸರಿ. ದಪ್ಪ ತಂತಿಯಲ್ಲಿ 3.5 ದಾಟಿದ್ದರೆ ನೀವು ಕಾರ್ಡ್ ಹಿಡಿಯುತ್ತಿಲ್ಲ, ಕುಸ್ತಿ ಮಾಡುತ್ತಿದ್ದೀರಿ.

ಎಫ್ ವಿಷಯದಲ್ಲಿ ಇನ್ನೊಂದು ಕಳ್ಳ ನಟ್, ಅಂದರೆ ಗಿಟಾರಿನ ಕುತ್ತಿಗೆಯ (ನೆಕ್) ತಲೆಕಡೆಯ ತುದಿಯಲ್ಲಿ ತಂತಿಗಳು ಹಾಯುವ ಕಚ್ಚುಗಳಿರುವ ಪಟ್ಟಿ. ಮೊದಲನೇ ಫ್ರೆಟ್‌ಗೆ ಕ್ಯಾಪೋ (ಆರೂ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಅದೇ ಎಫ್ ಆಕಾರವನ್ನು ಎರಡನೇ ಫ್ರೆಟ್‌ನಲ್ಲಿ ಒಮ್ಮೆ ಮಾತ್ರ, ಮೆಲ್ಲಗೆ ಹಿಡಿದು ನೋಡಿ. ತಟ್ಟನೆ ಸುಲಭವಾಯಿತು ಅಂದರೆ ನಟ್‌ನ ಕಚ್ಚುಗಳು ಎತ್ತರವಾಗಿವೆ. ಖಚಿತಪಡಿಸಿಕೊಳ್ಳಲು ಕ್ಯಾಪೋ ತೆಗೆದು ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲನೇ ಫ್ರೆಟ್‌ನ ಮೇಲಿನ ಸಂದು ನೋಡಿ. ತೆಳು ಕಾಗದದಷ್ಟಿರಬೇಕು. ವಿಸಿಟಿಂಗ್ ಕಾರ್ಡ್ ಆರಾಮವಾಗಿ ನುಗ್ಗಿದರೆ ಕಚ್ಚು ಅರೆಯಬೇಕು. ಇದನ್ನು ರಿಪೇರಿ ಮಾಡುವವರಿಗೇ ಬಿಡಿ. ಒಂದು ಎಳೆ ಹೆಚ್ಚು ಅರೆದರೂ ತಂತಿ ಗರ್ ಎನ್ನತೊಡಗುತ್ತದೆ, ಆಮೇಲೆ ನಟ್ ಬದಲಿಸುವುದೇ ಗತಿ.

ನಟ್ ಸರಿಯಿದ್ದೂ ತಂತಿ ಎತ್ತರವಿದ್ದರೆ ನೆಕ್ ಬಾಗಿದೆಯೇ ಅಂತ ನೋಡಬೇಕು. ಮೊದಲನೇ ಫ್ರೆಟ್‌ಗೆ ಕ್ಯಾಪೋ ಹಾಕಿ, ನೆಕ್ ಗಿಟಾರಿನ ಒಡಲಿಗೆ ಸೇರುವ ಫ್ರೆಟ್‌ನಲ್ಲಿ ದಪ್ಪ ತಂತಿ ಒತ್ತಿದಾಗ 7ನೇ ಫ್ರೆಟ್ ಹತ್ತಿರ 0.2ರಿಂದ 0.3 ಮಿ.ಮೀ. ಸಂದು ಸಾಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ ಒಳಗಿನ ಲೋಹದ ಸರಳು) ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಮಾತ್ರ ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಬಿಗಿಯಾಗಿದ್ದು ತಿರುಗದಿದ್ದರೆ ಬಲ ಹಾಕಬೇಡಿ. ಉಳಿದದ್ದು ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ. 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯಬೇಕಿದ್ದರೆ ಸ್ಯಾಡಲ್‌ನ ಅಡಿಯಿಂದ ಒಂದು ಮಿ.ಮೀ. ಅರೆಯಬೇಕು, ಯಾಕೆಂದರೆ 12ನೇ ಫ್ರೆಟ್ ತಂತಿಯ ನಟ್ಟ ನಡುವೆ ಇದೆ. ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಸಮತಟ್ಟಾದ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಇಟ್ಟು ನೇರವಾಗಿ ಉಜ್ಜಿ. ಹಳೆಯ ಸ್ಯಾಡಲ್ ಮಾತ್ರ ಮುಟ್ಟಬೇಡಿ, ಬೇರೊಂದು ಕೊಂಡು ಅದನ್ನು ಅರೆಯಿರಿ. ಜನವರಿಯ ಒಣಗಾಳಿಗೆ ಹಲಗೆ ಇಳಿದಾಗ ತಂತಿ ಫ್ರೆಟ್‌ಗೆ ಬಡಿಯತೊಡಗುತ್ತದೆ, ಆಗ ಹಳೆಯದನ್ನು ವಾಪಸು ಹಾಕಬಹುದು. ಮಳೆಗಾಲಕ್ಕೊಂದು, ಬೇಸಗೆಗೊಂದು ಸ್ಯಾಡಲ್ ಇಟ್ಟುಕೊಳ್ಳುವುದು ಈ ಊರಿಗೆ ದುಂದುವೆಚ್ಚವೇನಲ್ಲ. ಉಳಿದಂತೆ ಗಿಟಾರನ್ನು ಬೆವರುವ ಕೆಂಪುಕಲ್ಲಿನ ಗೋಡೆಗೆ ಒರಗಿಸದೆ ಗಟ್ಟಿ ಕೇಸ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ತೇವ ಹೋಗಲಿ ಅಂತ ಅಂಗಳದ ಬಿಸಿಲಿಗೆ ಹಾಕಿದರೆ ಬ್ರಿಡ್ಜ್‌ನ ಅಂಟೇ ಬಿಡಬಹುದು.

ತಂತಿಯನ್ನೂ ಬದಲಿಸಬಹುದು. ಅಂಗಡಿಯ ಗಿಟಾರುಗಳಲ್ಲಿ ಹೆಚ್ಚಾಗಿ .012 ಸೆಟ್ (ಅತಿ ತೆಳು ತಂತಿಯ ದಪ್ಪ .012 ಇಂಚು) ಇರುತ್ತದೆ, .010 ಹಾಕಿಸಿ. ಕಾಸು ಖರ್ಚಿಲ್ಲದ ದಾರಿಯೂ ಇದೆ. ಆರೂ ತಂತಿಗಳನ್ನು ಎರಡು ಸ್ವರಸ್ಥಾನ ಕೆಳಗಿಳಿಸಿದರೆ ಬಿಗಿತ ಸುಮಾರು ಶೇ 21 ಇಳಿಯುತ್ತದೆ. ಎರಡನೇ ಫ್ರೆಟ್‌ಗೆ ಕ್ಯಾಪೋ ಹಾಕಿದರೆ ಶ್ರುತಿ ಮೊದಲಿನದ್ದೇ, ನಟ್‌ನ ತೊಂದರೆಯೂ ತಪ್ಪುತ್ತದೆ. ಬ್ರಿಟನ್ನಿನ ಗಿಟಾರ್ ವಾದಕ ಟೋನಿ ಐಯೋಮಿ 1965ರಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಚರಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ತೆಳು ತಂತಿ ಹಾಕಿ, ಮುಂದೆ ಶ್ರುತಿಯನ್ನೂ ಇಳಿಸಿ ಬಾರಿಸಿದರು. ಬ್ಲ್ಯಾಕ್ ಸಬಾತ್ ತಂಡದ ಆ ಭಾರದ ನಾದದಲ್ಲಿ ಇದರ ಪಾಲು ದೊಡ್ಡದು.

ಈಗ ಕೈಗೆ ಬರೋಣ. ಎಫ್ ಬಾರ್ ಹಿಡಿದಾಗ ತೋರುಬೆರಳು ಆರೂ ತಂತಿ ಒತ್ತಬೇಕು ಎಂದು ತಿಳಿದು ಹೆಬ್ಬೆರಳಿನಿಂದ ಇಕ್ಕಳ ಹಾಕುತ್ತೇವೆ. ನಿಜವಾಗಿ ತೋರುಬೆರಳಿನ ಕೆಲಸ 6, 2, 1ನೇ ತಂತಿಗಳಲ್ಲಿ ಮಾತ್ರ (ಅತಿ ತೆಳುವಿನದ್ದು 1ನೇದು, ಅತಿ ದಪ್ಪದ್ದು 6ನೇದು). 5, 4, 3ನ್ನು ಉಳಿದ ಬೆರಳುಗಳು ಆಗಲೇ ಒತ್ತಿವೆ. ತೋರುಬೆರಳನ್ನು ಫ್ರೆಟ್‌ಗೆ ಅಂಟಿಕೊಂಡಂತೆ ಇಟ್ಟು, ಹೆಬ್ಬೆರಳ ಕಡೆಯ ಗಟ್ಟಿ ಅಂಚಿನ ಮೇಲೆ ತುಸು ಹೊರಳಿಸಿ. ಒತ್ತಡ ಬರಬೇಕಾದ್ದು ತೋಳಿನ ಭಾರದಿಂದ. ಮೊಣಕೈಯನ್ನು ಹಿಂದಕ್ಕೆ ತುಸು ಎಳೆದಂತೆ ಮಾಡಿ, ಬಲಗೈ ಗಿಟಾರನ್ನು ಎದೆಗೆ ಆನಿಸಿ ಹಿಡಿದಿರಲಿ. ಒಂದೆರಡು ಸೆಕೆಂಡ್ ಹೆಬ್ಬೆರಳನ್ನು ನೆಕ್‌ನಿಂದ ಪೂರಾ ಬಿಟ್ಟರೂ ಸ್ವರ ಕೇಳಬೇಕು. ಮಣಿಗಂಟು ಹೆಚ್ಚುಕಡಿಮೆ ನೇರ ಇರಬೇಕು. ಗಿಟಾರ್ ಬಲತೊಡೆಯ ಮೇಲೆ ಮಲಗಿದ್ದರೆ ಅದು ಆಗದ ಮಾತು. ಎಡಗಾಲಡಿಗೆ 12–15 ಸೆಂ.ಮೀ. ಎತ್ತರದ ಮಣೆ ಇಟ್ಟು ಎಡತೊಡೆಯ ಮೇಲೆ ಗಿಟಾರ್ ಕೂರಿಸಿ, ತಲೆಭಾಗ ಕಣ್ಣಿನ ಮಟ್ಟಕ್ಕೆ ಬರಲಿ.

ಇವೆಲ್ಲ ನೋವು ಇಳಿದ ಮೇಲಿನ ಮಾತು. ಮೊದಲ ಕೆಲವು ದಿನ ಎಡಗೈಗೆ ವಿರಾಮ ಕೊಡಿ, ಬಲಗೈಯ ತಾಳ ಅಭ್ಯಾಸ ಮಾಡಬಹುದು. ಬಟ್ಟೆಯಲ್ಲಿ ಸುತ್ತಿದ ಐಸ್ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಹತ್ತು ನಿಮಿಷ. ಊದಿದ ಜಾಗವನ್ನು ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು, ನೆಟಿಗೆ ತೆಗೆಸುವುದು ಬೇಡ. ನೋವಿನ ಮಾತ್ರೆ ನುಂಗಿ ಬಾರಿಸುವುದಂತೂ ಬೇಡವೇ ಬೇಡ. ಬೈಕ್ ಓಡಿಸುತ್ತೀರಾದರೆ ಮಂಗಳೂರಿನ ನಂತೂರು, ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ಕ್ಲಚ್ ಹಿಂಡುವುದೂ ಇದೇ ಕೈ. ಒದ್ದೆ ಬಟ್ಟೆ ಹಿಂಡುವಾಗ, ಬಾಗಿಲ ಹಿಡಿ ತಿರುಗಿಸುವಾಗ ನೋವಿಲ್ಲ ಅಂತಾದ ಮೇಲೆ ದಿನಕ್ಕೆ ಎರಡು ಸಲ ಐದೈದು ನಿಮಿಷದಿಂದ ಶುರುಮಾಡಿ. ಎರಡು ಮೂರು ದಿನಕ್ಕೊಮ್ಮೆ ಐದು ನಿಮಿಷ ಏರಿಸಿ. ಮರುದಿನ ಬೆಳಿಗ್ಗೆಯೂ ನೋವಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಎಫ್ ಬಂದಾಗ ಕೆಳಗಿನ (ತೆಳು ಕಡೆಯ) ನಾಲ್ಕು ತಂತಿಗಳ ಸಣ್ಣ ಎಫ್ ಸಾಕು. ದಿನಕ್ಕೆ ಇಪ್ಪತ್ತು ನಿಮಿಷ ಬಾರಿಸುವವರು ಡಿಸೆಂಬರ್‌ನ ಕ್ಯಾರಲ್ ತಾಲೀಮಿಗೆ ಒಮ್ಮೆಲೇ ಮೂರು ಗಂಟೆ ಕೂತರೆ ಇದೇ ಕತೆ ಮರುಕಳಿಸುತ್ತದೆ.

ನೋವಿನ ಜಾಗವನ್ನು ಸರಿಯಾಗಿ ಗುರುತಿಸಿಕೊಳ್ಳಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಹಾಕಿ ಮಣಿಗಂಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿದಾಗ ಚುಳ್ಳೆಂದರೆ ಹೆಬ್ಬೆರಳ ಸ್ನಾಯುರಜ್ಜಿನ ಹೊದಿಕೆ ಕೆರಳಿರಬಹುದು. ನಿಮ್ಮ ವಿವರಕ್ಕೆ ಹೆಚ್ಚು ಹೊಂದುವುದು ಇದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುವುದು ಕಾರ್ಪಲ್ ಟನಲ್‌ನ ಲಕ್ಷಣ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೆ ಅದರ ಸಾಧ್ಯತೆ ಹೆಚ್ಚು. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಮೊಣಕೈ ಬಳಿಯ ನರ ನೋಡಬೇಕು. ನೋವೇ ಇಲ್ಲದೆ ಬೆರಳು ತಂತಾನೆ ಮಡಚಿಕೊಳ್ಳುವುದು, ಹೇಳಿದ ಮಾತು ಕೇಳದಿರುವುದು ನರರೋಗ ತಜ್ಞರ ವಿಷಯ.

ಎರಡು ವಾರ ವಿರಾಮ ಕೊಟ್ಟರೂ ಇಳಿಯದ ನೋವು, ಹೋಗದ ಜೋಮು, ಕೈಯಿಂದ ಲೋಟ ಜಾರುವುದು, ಇವುಗಳಲ್ಲಿ ಒಂದಿದ್ದರೂ ಮೂಳೆ ವೈದ್ಯರಿಗೆ ತೋರಿಸಿ. ಉಡುಪಿಯವರಿಗೆ ಮಣಿಪಾಲ ಹತ್ತಿರವೇ ಇದೆ, ಅಲ್ಲಿ ಫಿಸಿಯೊಥೆರಪಿ, ಆಕ್ಯುಪೇಷನಲ್ ಥೆರಪಿ ಎರಡೂ ಸಿಗುತ್ತವೆ. ಹೋಗುವಾಗ ಗಿಟಾರನ್ನೂ ಒಯ್ಯಿರಿ. ಆಗದಿದ್ದರೆ ನೀವು ಸಾಮಾನ್ಯವಾಗಿ ಕೂರುವ ಕುರ್ಚಿಯಲ್ಲೇ ಕೂತು, ಎಡಗಡೆಯಿಂದ ಮಣಿಗಂಟು ಕಾಣುವ ಹಾಗೆ ಒಂದು ನಿಮಿಷದ ವಿಡಿಯೊ ತೆಗೆಸಿಕೊಂಡು ಹೋಗಿ.