ಕಾಲುಸಂಕದ ಬೇಡಿಕೆ ಎಲ್ಲಿ ನಿಲ್ಲುತ್ತದೆ? ಮಲೆನಾಡಿನ ಗ್ರಾಮಸಭೆ ನಡೆದು ಬಂದ ದಾರಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಭಾಗಗಳಲ್ಲಿ ಗ್ರಾಮಸಭೆ ಸೇರಿತೆಂದರೆ ಕಾಲುಸಂಕದ ಮಾತು ಬಾರದೆ ಇರುವುದು ಅಪರೂಪ. ಹಳ್ಳಕ್ಕೆ ಅಡ್ಡ ಹಾಕಿದ ಎರಡು ಮೂರು ಮರದ ದಿಮ್ಮಿ ಅಥವಾ ಅಡಿಕೆ ದಬ್ಬೆ, ಕೈಗೆ ಆಸರೆಯಾಗಿ ಒಂದು ಬಿದಿರ ಗಳ. ಆಷಾಢದ ಮಳೆಗೆ ಅದು ಪಾಚಿಗಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು ಭೋರಿಡುತ್ತಿರುತ್ತದೆ. ಆಚೆ ದಡದಲ್ಲಿ ನಾಲ್ಕು ಮನೆ. ಈಚೆ ಶಾಲೆ, ಡೇರಿ, ಬಸ್ಸು. ಆ ನಾಲ್ಕು ಮನೆಯವರಿಗೆ ಇದಕ್ಕಿಂತ ತುರ್ತಿನ ಕೆಲಸ ಇನ್ನೊಂದಿಲ್ಲ. ಉಳಿದ ಊರಿಗೆ ಇದು ಪಟ್ಟಿಯ ಕೊನೆಯ ಸಾಲು. ನಾಲ್ಕು ಮನೆಯವರು ಆಡಿದ ಮಾತು ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಹೇಗೆ ಜಾಗ ಪಡೆಯುತ್ತದೆ, ಯಾಕೆ ಎಷ್ಟೋ ಸಲ ಪಡೆಯುವುದಿಲ್ಲ ಎಂದು ತಿಳಿಯಬೇಕಾದರೆ ಕೆಲವು ದಶಕ ಹಿಂದಕ್ಕೆ ಹೋಗಬೇಕು.

ಈ ಸೀಮೆಯ ಜನರನ್ನು ಕೇಳಿ ಯೋಜನೆ ಮಾಡುವ ಪದ್ಧತಿಯೇ ಒಂದು ಕಾಲಕ್ಕೆ ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ, ಒಕ್ಕಲೆದ್ದವರ ಅಭಿಪ್ರಾಯ ದಾಖಲಿಸುವ ಗ್ರಾಮಸಭೆಯಾಗಲಿ, ಸಾರ್ವಜನಿಕ ಅಹವಾಲು ಸಭೆಯಾಗಲಿ ನಡೆದದ್ದಿಲ್ಲ. ಆಗ ಜಾರಿಯಲ್ಲಿದ್ದ 1959ರ ಕಾಯ್ದೆಯ ಪ್ರಕಾರ ಊರಿಗೆ ಗ್ರಾಮ ಪಂಚಾಯಿತಿಯಿತ್ತು, ಮೇಲೆ ತಾಲ್ಲೂಕು ಬೋರ್ಡು ಇತ್ತು. ಆದರೆ ದೊಡ್ಡ ತೀರ್ಮಾನಗಳು ಆಗುತ್ತಿದ್ದದ್ದು ಬೆಂಗಳೂರಿನಲ್ಲಿ. ಶರಾವತಿ ಸಂತ್ರಸ್ತರ ಭೂಮಿ ಹಕ್ಕಿನ ಪ್ರಶ್ನೆ ಇವತ್ತಿಗೂ ಬಗೆಹರಿಯದೆ ಉಳಿದಿರುವುದನ್ನು ನೋಡಿದರೆ, ಕೇಳದೆ ಮಾಡಿದ ಯೋಜನೆಗೆ ಎಷ್ಟು ತಲೆಮಾರು ಬಡ್ಡಿ ಕಟ್ಟಬೇಕಾಗುತ್ತದೆ ಎಂದು ಗೊತ್ತಾಗುತ್ತದೆ.

ತಿರುವು ಬಂದದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದರು. ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು ಇವರೇ. 1987ರಲ್ಲಿ ಚುನಾವಣೆ ನಡೆಯಿತು, ಮಹಿಳೆಯರಿಗೆ ಶೇ 25 ಮೀಸಲಾತಿ ಸಿಕ್ಕಿತು, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಬಂತು. ವರ್ಷಕ್ಕೆ ಎರಡು ಸಲ ಗ್ರಾಮಸಭೆ ಕರೆಯಬೇಕೆಂದೂ ಕಾನೂನು ಹೇಳಿತು. ಆದರೆ ಮಂಡಲ ಎಂದರೆ ಹತ್ತಾರು ಹಳ್ಳಿಗಳ ಗುಂಪು. ಬಯಲುಸೀಮೆಯಲ್ಲಾದರೆ ಮನೆಗಳು ಒತ್ತೊತ್ತಾಗಿರುತ್ತವೆ, ತಮಟೆ ಹೊಡೆದರೆ ಊರು ಸೇರುತ್ತದೆ. ಇಲ್ಲಿ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಕೇರಿ. ಸಭೆಗೆ ಬರಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಎರಡು ಹಳ್ಳ ದಾಟಬೇಕು.

1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ 1993ರ ಕಾಯ್ದೆ ಮಂಡಲವನ್ನು ಕೈಬಿಟ್ಟು ಗ್ರಾಮ ಪಂಚಾಯಿತಿಯನ್ನು ತಂದಿತು. ಇದರಲ್ಲಿ ಮಲೆನಾಡಿನ ಮಟ್ಟಿಗೆ ಮುಖ್ಯವಾದ, ಯಾರೂ ಹೆಚ್ಚು ಮಾತಾಡದ ಒಂದು ಸಾಲಿದೆ. ಸಾಮಾನ್ಯವಾಗಿ ಪಂಚಾಯಿತಿಗೆ 5,000ದಿಂದ 7,000 ಜನಸಂಖ್ಯೆ ಇರಬೇಕು. ಆದರೆ ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಇದ್ದರೂ ಸಾಕು. ಗುಡ್ಡಗಾಡಿನಲ್ಲಿ ತಲೆ ಎಣಿಸಿ ಗಡಿ ಗೀಚಿದರೆ ಪಂಚಾಯಿತಿ ಕಚೇರಿ ಇಪ್ಪತ್ತು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ ಎಂಬುದು ಕಾನೂನು ಬರೆದವರಿಗೂ ಹೊಳೆದಿತ್ತು.

ಅಲ್ಲಿಂದ ಮುಂದೆ ಸಭೆ ಮನೆಬಾಗಿಲಿಗೆ ಹತ್ತಿರ ಹತ್ತಿರ ಬರುತ್ತಾ ಹೋಯಿತು. 2000ದ ದಶಕದ ತಿದ್ದುಪಡಿಗಳಲ್ಲಿ ವಾರ್ಡ್ ಸಭೆ ಗಟ್ಟಿಯಾಯಿತು: ಮತದಾರರ ಹತ್ತನೇ ಒಂದು ಭಾಗ ಅಥವಾ ಇಪ್ಪತ್ತು ಜನ, ಯಾವುದು ಕಡಿಮೆಯೋ ಅಷ್ಟಿದ್ದರೆ ಕೋರಂ. ಈ ಕಾಯ್ದೆಯ ತಿದ್ದುಪಡಿಗೆಂದು ರಚಿಸಿದ್ದ ರಮೇಶ್ ಕುಮಾರ್ ಸಮಿತಿಯ ವರದಿಯ ನಂತರ 2015ರ ತಿದ್ದುಪಡಿ ಬಂದು ಕಾಯ್ದೆಗೆ ಗ್ರಾಮ ಸ್ವರಾಜ್ ಎಂಬ ಹೆಸರು ಸೇರಿತು. ವಾರ್ಡಿಗಿಂತಲೂ ಕೆಳಗೆ ಜನವಸತಿ ಸಭೆ ಬಂತು. ಕಾಲುಸಂಕದ ಆಚೆಯ ನಾಲ್ಕು ಮನೆಯವರು ಕಾನೂನಿನ ಕಣ್ಣಿಗೆ ಮೊದಲ ಸಲ ಬಿದ್ದದ್ದು ಇಲ್ಲಿ ಎನ್ನಬಹುದು. ಅವರ ಕೇರಿಯಲ್ಲಿ ಬರೆದುಕೊಂಡ ಬೇಡಿಕೆ ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮಸಭೆಗೆ, ಅಲ್ಲಿಂದ ಕ್ರಿಯಾಯೋಜನೆಗೆ ಹೋಗಬೇಕು.

ನಡೆಯುವ ರೀತಿ ಬೇರೆ. ಶಾಲೆಯ ಜಗುಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಿಂದಿನ ಸಭೆಯ ನಡಾವಳಿ ಓದುತ್ತಾರೆ, ನೋಡಲ್ ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಾರೆ. ಕೋರಂ ಆಗದಿದ್ದರೆ ಹಾಜರಾತಿ ಪುಸ್ತಕವೇ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ ಎಂಬ ದೂರು ಹಳೆಯದು. ಅಡಿಕೆ ಕೊಯ್ಲಿನಲ್ಲೋ ನಾಟಿಯಲ್ಲೋ ಸಭೆ ಇಟ್ಟರೆ ಯಾರು ಬರುತ್ತಾರೆ? ಮನೆ ಮಂಜೂರಾತಿಯ ಫಲಾನುಭವಿಗಳ ಆಯ್ಕೆ ಇದ್ದ ದಿನ ಮಾತ್ರ ಕುರ್ಚಿ ಸಾಲುವುದಿಲ್ಲ. ಇದನ್ನು ಜನರ ಸ್ವಾರ್ಥ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಬಂದರೆ ಏನಾದರೂ ಆಗುತ್ತದೆ ಎಂದು ಗೊತ್ತಿರುವ ಸಭೆಗೆ ಜನ ಬರುತ್ತಾರೆ, ಅಷ್ಟೇ. ಮಕ್ಕಳ ಗ್ರಾಮಸಭೆಗಳಲ್ಲಿ ಬೇಡಿಕೆ ಇನ್ನೂ ನೇರವಾಗಿರುತ್ತದೆ: ಸಂಜೆ ಬಸ್ಸು ಬಿಡಿ, ಶೌಚಾಲಯಕ್ಕೆ ನೀರು ಕೊಡಿ, ಹಳ್ಳಕ್ಕೆ ಸಂಕ ಹಾಕಿ. ಬಸ್ಸು ಪಂಚಾಯಿತಿಯ ಕೈಯಲ್ಲಿಲ್ಲ, ಡಿಪೊಗೆ ಪತ್ರ ಬರೆಯಬಹುದು.

ಸಂಕ? ಅದು ಪಂಚಾಯಿತಿಯ ಕೈಯಲ್ಲಿದೆ, ಆದರೆ ದುಡ್ಡು ಬೇಕು. ಸಭೆ ಹತ್ತಿರ ಬಂದಷ್ಟು ದುಡ್ಡಿನ ಹಿಡಿತ ಹತ್ತಿರ ಬರಲಿಲ್ಲ. 2015ರಿಂದ 14ನೇ ಹಣಕಾಸು ಆಯೋಗದ ಅನುದಾನ ನೇರವಾಗಿ ಗ್ರಾಮ ಪಂಚಾಯಿತಿಗೆ ಬಂತು. ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ವಾರ್ಷಿಕ ಯೋಜನೆ ತಯಾರಿಸುವ ಕೆಲಸವೂ ಶುರುವಾಯಿತು. 15ನೇ ಆಯೋಗ ಬಂದಾಗ ಅನುದಾನಕ್ಕೆ ಷರತ್ತು ಸೇರಿತು. 2021–22ರಿಂದ ಆ ಆಯೋಗದ ಅವಧಿಯಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಯಿತು. ಉಳಿದದ್ದರಲ್ಲಿ ರಸ್ತೆ, ಚರಂಡಿ, ಅಂಗನವಾಡಿ ರಿಪೇರಿ ಎಲ್ಲವೂ ಆಗಬೇಕಿತ್ತು. ನರೇಗಾದಲ್ಲಿ ಮಾಡೋಣವೆಂದರೆ ಕೂಲಿಗೆ 60, ಸಾಮಗ್ರಿಗೆ 40 ಎಂಬ ಅನುಪಾತ ಅಡ್ಡ ಬರುತ್ತಿತ್ತು. ಕಾಂಕ್ರೀಟ್ ಸಂಕಕ್ಕೆ ಸಿಮೆಂಟು, ಕಬ್ಬಿಣ, ಜಲ್ಲಿಯೇ ಹೆಚ್ಚು, ಕೂಲಿ ಕಡಿಮೆ. ಒಂದು ಸಂಕ ಹಾಕಿದರೆ ಲೆಕ್ಕ ಸರಿದೂಗಿಸಲು ಇಂಗುಗುಂಡಿ, ಕೆರೆ ಹೂಳು, ತೋಟದ ಬಸಿಗಾಲುವೆ ಎಂದು ಕೂಲಿಯ ಕೆಲಸ ಹುಡುಕಬೇಕಿತ್ತು. ಮಳೆಗಾಲದಲ್ಲಿ ಮಕ್ಕಳು ಸಂಕದಿಂದ ಬಿದ್ದ ದುರಂತಗಳ ನಂತರ ರಾಜ್ಯ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಯೋಜನೆ ತಂದಿತು. ಅದು ಲೋಕೋಪಯೋಗಿ ಇಲಾಖೆಯದು. ಅಲ್ಲಿಗೆ ಗ್ರಾಮಸಭೆಯ ಕೆಲಸ ಪಟ್ಟಿ ಕಳಿಸುವುದಕ್ಕೆ ಮುಗಿಯಿತು.

‘ಬೇಡ’ ಎನ್ನುವ ವಿಷಯದಲ್ಲಿ ಮಾತ್ರ ಮಲೆನಾಡಿನ ಗ್ರಾಮಸಭೆಯ ದನಿ ಬೆಂಗಳೂರು, ದೆಹಲಿಯವರೆಗೂ ಕೇಳಿದೆ. ಪಶ್ಚಿಮ ಘಟ್ಟದ ಪರಿಸರ ರಕ್ಷಣೆಯ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ತೀರ್ಮಾನ ಗ್ರಾಮಸಭೆಗಳ ಮೂಲಕವೇ ಆಗಲಿ ಎಂದಿತ್ತು. ಆಮೇಲೆ ಅದೇ ವಿಷಯಕ್ಕೆ ನೇಮಕವಾದ ಕಸ್ತೂರಿರಂಗನ್ ಸಮಿತಿಯ ವರದಿ ಆಧರಿಸಿ ಬಂದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ಹಳ್ಳಿಗಳ ಪಟ್ಟಿಯನ್ನೇ ಮುಂದಿಟ್ಟವು. ಊರಿನವರಿಗೆ ಅದು ಗೊತ್ತಾದದ್ದು ಪಟ್ಟಿ ಬಂದ ಮೇಲೆ. ವಿರೋಧದ ಠರಾವುಗಳು ಬಂದವು. 2024ರ ಜುಲೈ ಕೊನೆಯಲ್ಲಿ ಆರನೇ ಕರಡು ಹೊರಟಿತು, ರಾಜ್ಯ ಸರ್ಕಾರ ಅದನ್ನೂ ಒಪ್ಪಲಿಲ್ಲ. ವಿಚಿತ್ರವೆಂದರೆ, ಮೊದಲು ನಿಮ್ಮನ್ನು ಕೇಳುತ್ತೇವೆ ಎಂದ ವರದಿಯೇ ಊರಿಗೆ ಸರಿಯಾಗಿ ತಲುಪಲಿಲ್ಲ.

ಶಿವಮೊಗ್ಗ ಪೇಟೆಯ ಕಥೆ ಚಿಕ್ಕದು. ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ದಾಟಿದ ನಗರಗಳಿಗೆ ವಾರ್ಡ್ ಸಮಿತಿ ಬೇಕೆನ್ನುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಸಂಖ್ಯೆ 3,22,650. ಸ್ವಲ್ಪದರಲ್ಲಿ ಗೆರೆ ದಾಟಿದ ಊರು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರುವಾಗ ನಾಗರಿಕರ ಅಭಿಪ್ರಾಯ ಸಂಗ್ರಹ ಕಡ್ಡಾಯವಾಗಿತ್ತು. ಕಾಮಗಾರಿ ನಡೆಸಿದ್ದು ಮಾತ್ರ ಪಾಲಿಕೆಯಲ್ಲ, ಅದಕ್ಕೆಂದೇ ಕಟ್ಟಿದ ಕಂಪನಿ. 2018ರಲ್ಲಿ ಗೆದ್ದ ಪಾಲಿಕೆ ಸದಸ್ಯರ ಅವಧಿ 2023ರಲ್ಲಿ ಮುಗಿಯಿತು, ಹೊಸ ಚುನಾವಣೆ ಮಾತ್ರ ಕೂಡಲೇ ನಡೆಯಲಿಲ್ಲ.

ಹಳ್ಳಿ ಕಡೆ ಇದೇ ತೊಡಕು ಅದಕ್ಕೂ ಮೊದಲೇ ಬಂದಿತ್ತು. ಗ್ರಾಮ ಪಂಚಾಯಿತಿಯ ಶಕ್ತಿ ಮೀರಿದ ಕೆಲಸಕ್ಕೆ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಹತ್ತಿರ ಹೋಗುವುದು ರೂಢಿ. 2021ರಲ್ಲಿ ಅವರ ಅವಧಿ ಮುಗಿಯಿತು, ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. 1992ರ ಹಾಗೆಯೇ ಆಡಳಿತಾಧಿಕಾರಿಗಳು ಬಂದರು. ಜನವಸತಿ ಸಭೆಯಿಂದ ಹೊರಟು ಗ್ರಾಮಸಭೆ ದಾಟಿದ ಕಾಲುಸಂಕದ ಪಟ್ಟಿಯನ್ನು ಈ ವರ್ಷಗಳಲ್ಲಿ ಊರಿನವರು ಕೊಡುತ್ತಾ ಬಂದದ್ದು ಶಾಸಕರ ಕೈಗೆ.