ಆ್ಯಂಟಿಬಯೋಟಿಕ್‌ಗೆ ಸಾಯದ್ದು ಕ್ಲೋರಿನ್‌ಗೆ ಸಾಯುತ್ತದೆಯೇ?

ಪ್ರಶ್ನೆ: ಆಸ್ಪತ್ರೆಗಳ ಕೊಳಚೆ ನೀರಿನಲ್ಲಿ ಯಾವ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾಗಳಿರುತ್ತವೆ ಎಂದು ಕೇಳಿದ್ದೇವೆ. ಆ್ಯಂಟಿಬಯೋಟಿಕ್‌ಗೇ ಸಾಯದವು ಕ್ಲೋರಿನ್‌ಗೆ ಸಾಯುತ್ತವೆಯೇ? ಅಂಥ ನೀರಿಗೆ ಎರಡು ಪಟ್ಟು ಬ್ಲೀಚಿಂಗ್ ಪೌಡರ್ ಬೇಕಾಗುವುದಿಲ್ಲವೇ?

ಉತ್ತರ: ಸಾಯುತ್ತವೆ, ಮದ್ದಿಗೆ ಬಗ್ಗುವುದಿಲ್ಲ ಎಂಬ ಕಾರಣಕ್ಕೆ ಎರಡು ಪಟ್ಟು ಬೇಕಾಗುವುದಿಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮಳೆಗಾಲ ಬಂತೆಂದರೆ ಮಂಗಳೂರಿನಿಂದಲೂ ಉಡುಪಿಯಿಂದಲೂ ಈ ಪ್ರಶ್ನೆ ತಪ್ಪದೆ ಬರುತ್ತದೆ. ಇಷ್ಟು ಸಲ ಉತ್ತರಿಸಿದ ಮೇಲೂ ಅದು ಮತ್ತೆ ಬರುತ್ತಿರುವುದರಿಂದ, ಈ ಬಾರಿ ಅದರ ಬುಡವನ್ನೇ ಅಗೆಯುತ್ತೇನೆ.

ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಒಂದೇ ಒಂದು ಮರ್ಮವನ್ನು ಹಿಡಿದು ಹೊಡೆಯುವ ಮದ್ದು. ಪೆನಿಸಿಲಿನ್ ಕೋಶಭಿತ್ತಿ ಕಟ್ಟುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಡಿಎನ್ಎ ಸುರುಳಿಯನ್ನು ನಿಭಾಯಿಸುವ ಕಿಣ್ವವನ್ನು ಹಿಡಿಯುತ್ತದೆ. ಆ ಒಂದು ಕಿಣ್ವದ ಆಕಾರ ತುಸು ಬದಲಾದರೆ, ಅಥವಾ ಮದ್ದಿನ ಅಣುವನ್ನೇ ಮುರಿಯುವ ಇನ್ನೊಂದು ಕಿಣ್ವ ಸಿಕ್ಕಿದರೆ, ಬ್ಯಾಕ್ಟೀರಿಯಾ ಪಾರಾಗುತ್ತದೆ. ಕ್ಲೋರಿನ್ ಹಾಗಲ್ಲ. ಅದು ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲವಾಗಿ ಕೋಶದ ಪೊರೆ, ಪ್ರೋಟೀನು, ಡಿಎನ್ಎ ಎಲ್ಲವನ್ನೂ ಒಟ್ಟಿಗೆ ಉತ್ಕರ್ಷಿಸಿ ಕೆಡಿಸುತ್ತದೆ. ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೊಳೆರೋಗಕ್ಕೆ ತಲೆಮಾರುಗಳಿಂದ ಸಿಂಪಡಿಸುತ್ತ ಬಂದಿರುವ ಬೋರ್ಡೊ ದ್ರಾವಣ ಇಂದಿಗೂ ಕೆಲಸ ಮಾಡುತ್ತಿದ್ದರೆ, ಅದರ ತಾಮ್ರವು ರೋಗಾಣುವನ್ನು ಒಂದೇ ಕಡೆ ಹೊಡೆಯದೆ ಹಲವು ಕಡೆ ಹೊಡೆಯುವುದೇ ಅದಕ್ಕೆ ಮುಖ್ಯ ಕಾರಣ.

ಕ್ಲೋರಿನ್‌ಗೆ ಸುಲಭವಾಗಿ ಸಾಯದ ಸೂಕ್ಷ್ಮಜೀವಿಗಳು ಇಲ್ಲವೆಂದಲ್ಲ. ಮೇಣದಂಥ ಹೊದಿಕೆಯುಳ್ಳ ಮೈಕೋಬ್ಯಾಕ್ಟೀರಿಯಾಗಳಿವೆ, ಗಟ್ಟಿ ಕವಚದ ಬೀಜಾಣುಗಳಿವೆ. ಆದರೆ ಅವುಗಳನ್ನು ಕಾಯುವುದು ಆ ಹೊದಿಕೆಯೇ ಹೊರತು, ಆ್ಯಂಟಿಬಯೋಟಿಕ್ ಮುರಿಯುವ ಕಿಣ್ವವಲ್ಲ.

ಈಗ ಯಾರಾದರೂ, "ಕ್ಲೋರಿನ್ ಹಾಕಿದ ಮೇಲೆ ಆ್ಯಂಟಿಬಯೋಟಿಕ್ ನಿರೋಧಕ ಬ್ಯಾಕ್ಟೀರಿಯಾಗಳ ಪ್ರಮಾಣ ಹೆಚ್ಚಾಯಿತೆಂದು ಓದಿದ್ದೇವಲ್ಲ" ಎನ್ನುತ್ತಾರೆ. ಓದಿರಬಹುದು; ಆದರೆ ಅಲ್ಲಿ ಹೆಚ್ಚಾದದ್ದು ಶೇಕಡಾವಾರು. ಉದಾಹರಣೆಗೆ, 10 ಲಕ್ಷ ಬ್ಯಾಕ್ಟೀರಿಯಾಗಳಲ್ಲಿ 1 ಲಕ್ಷ ನಿರೋಧಕವಾಗಿದ್ದು, ಕ್ಲೋರಿನ್ ಹಾಕಿದ ಬಳಿಕ ಒಟ್ಟು 1,000 ಉಳಿದು ಅವುಗಳಲ್ಲಿ 200 ನಿರೋಧಕವಾಗಿವೆ ಎನ್ನಿ. ಶೇ. 10 ಇದ್ದದ್ದು ಶೇ. 20 ಆಯಿತು, ನಿಜ. ಆದರೆ 1 ಲಕ್ಷ ಇದ್ದದ್ದು 200ಕ್ಕೆ ಇಳಿಯಿತು. ಏಳನೆಯ ತರಗತಿಯ ಈ ಲೆಕ್ಕವನ್ನು ಬಿಡಿಸಿ ತೋರಿಸಿದೊಡನೆ ವಾದ ನಿಲ್ಲುತ್ತದೆ, ಮುಂದಿನ ಮಳೆಗಾಲದವರೆಗೆ.

ಹಾಗಾದರೆ ಕ್ಲೋರಿನ್ ಸೋಲುವುದೆಲ್ಲಿ? ನೀರಿನ ಕೊಳೆಯಲ್ಲಿ. ಕೊಳಚೆಯಲ್ಲಿರುವ ಸಾವಯವ ಪದಾರ್ಥ ಕ್ಲೋರಿನ್ನನ್ನು ಮೊದಲೇ ನುಂಗುತ್ತದೆ. ಅಮೋನಿಯ ಅದನ್ನು ಮಂದಗತಿಯ ಕ್ಲೋರಮೈನ್ ಆಗಿ ಮಾರ್ಪಡಿಸುತ್ತದೆ. ತೇಲುವ ಕಣಗಳ ಒಳಗೆ ಬ್ಯಾಕ್ಟೀರಿಯಾಗಳು ಅಡಗಿ ಕುಳಿತಿರುತ್ತವೆ. ಪಿಎಚ್ 8 ದಾಟಿದರೆ ಹೈಪೋಕ್ಲೋರಸ್ ಆಮ್ಲದ ಬಹುಪಾಲು ದುರ್ಬಲ ರೂಪಕ್ಕೆ ತಿರುಗುತ್ತದೆ. ಕುಡಿಯುವ ನೀರಿಗೇ ಕನಿಷ್ಠ 30 ನಿಮಿಷ ಸಂಪರ್ಕ ಕೊಟ್ಟು, ಆಮೇಲೂ ಲೀಟರಿಗೆ 0.5 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದಲೇ ಮಂಗಳೂರಿನ ಕಾವೂರಿನಂಥ ಕಡೆಗಳಲ್ಲಿರುವ ಒಳಚರಂಡಿ ಶುದ್ಧೀಕರಣ ಘಟಕಗಳಲ್ಲಿ ಗಾಳಿಯೂಡಿಕೆ ಮತ್ತು ಕೆಸರು ತಳಕ್ಕಿಳಿಸುವ ಕೆಲಸ ಮೊದಲು, ಸೋಂಕು ನಿವಾರಣೆ ಕೊನೆಗೆ. ಇನ್ನು ನಮ್ಮ ಕರಾವಳಿಯ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲ: ಹೊಸದರಲ್ಲಿ ಸುಮಾರು ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್, ಕೆಲವು ತಿಂಗಳಲ್ಲಿ ವಾಸನೆ ಬೀರುವ ಸುಣ್ಣದ ಪುಡಿಯ ಮಟ್ಟಕ್ಕೆ ಇಳಿಯುತ್ತದೆ.

ನಿಜವಾಗಿ ಕೇಳಬೇಕಾದದ್ದು, ಸತ್ತ ಬ್ಯಾಕ್ಟೀರಿಯಾದ ಡಿಎನ್ಎ ಏನಾಗುತ್ತದೆ ಎಂಬುದನ್ನು. ನ್ಯುಮೋನಿಯ ತರುವ ನ್ಯೂಮೊಕಾಕಸ್ ಬ್ಯಾಕ್ಟೀರಿಯಾ ಸತ್ತ ಮೇಲೂ ತನ್ನ ಗುಣವನ್ನು ಬದುಕಿರುವುದಕ್ಕೆ ದಾಟಿಸಬಲ್ಲದೆಂದು ಬ್ರಿಟಿಷ್ ವಿಜ್ಞಾನಿ ಗ್ರಿಫಿತ್ 1928ರಲ್ಲೇ ತೋರಿಸಿದ್ದರು. ಕೋಶವನ್ನು ಕೊಲ್ಲುವಷ್ಟು ಕ್ಲೋರಿನ್, ಅದರೊಳಗಿನ ನಿರೋಧಕ ಜೀನನ್ನು ಪೂರ್ತಿ ಹಾಳುಮಾಡಲು ಸಾಕಾಗದೆ ಇರಬಹುದು. ಕ್ಲೋರಿನ್ ಸುರಿಯುತ್ತಲೇ ಹೋಗೋಣವೆಂದರೆ, ಅದು ಸಾವಯವ ಪದಾರ್ಥದೊಡನೆ ಸೇರಿ ಟ್ರೈಹ್ಯಾಲೊಮೀಥೇನ್ ಎಂಬ ಹಾನಿಕರ ರಾಸಾಯನಿಕಗಳನ್ನು ಹುಟ್ಟಿಸುತ್ತದೆ, ಉಳಿದ ಕ್ಲೋರಿನ್ ಹೊಳೆಯ ಮೀನನ್ನು ಕೊಲ್ಲುತ್ತದೆ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಈ ಭಯದಿಂದಲೇ ಮನೆಯ ಸೆಪ್ಟಿಕ್ ಟ್ಯಾಂಕಿಗೆ ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. ಅಲ್ಲಿ ಮಲವನ್ನು ಜೀರ್ಣಿಸುವುದು ಬ್ಯಾಕ್ಟೀರಿಯಾಗಳೇ. ಅವುಗಳನ್ನು ಕೊಂದರೆ ಕೊಳಚೆ ಅರೆಬರೆ ಜೀರ್ಣವಾಗಿ ಇಂಗುಗುಂಡಿಗೆ ಹರಿಯುತ್ತದೆ, ತೂತು ತೂತಾದ ನಮ್ಮ ಮುರಕಲ್ಲಿನ ನೆಲದಲ್ಲಿ ಅಲ್ಲಿಂದ ಬಾವಿಯವರೆಗೆ ಹಾದಿ ಹುಡುಕುವುದು ಅದಕ್ಕೆ ಕಷ್ಟವಲ್ಲ. ಬ್ಲೀಚಿಂಗ್ ಪೌಡರ್ ಬಾವಿಗಿರಲಿ. ಟ್ಯಾಂಕಿಗೆ ಬೇಕಾದದ್ದು ಕೆಲವು ವರ್ಷಕ್ಕೊಮ್ಮೆ ಕೆಸರು ತೆಗೆಸುವ ಲಾರಿ.