ಗಂಜಾಂನ ಅಬ್ಬೆ ದುಬಾಯ್ ಚರ್ಚು, ಮತ್ತೆ ಗೋಡೆಯೊಳಗಿನ ಸುಣ್ಣದ ಕಥೆ

ಶ್ರೀರಂಗಪಟ್ಟಣಕ್ಕೆ ಬಂದವ್ರು ರಂಗನಾಥಸ್ವಾಮಿ ದರ್ಶನ ಮಾಡ್ತಾರೆ, ದರಿಯಾ ದೌಲತ್ ನೋಡ್ತಾರೆ, ಆಮೇಲೆ ಗಂಜಾಂ ಕಡೆ ಹೋಗಿ ನಿಮಿಷಾಂಬ ಗುಡಿ, ಗುಂಬಜ್, ಸಂಗಮ ಎಲ್ಲಾ ಮುಗಿಸ್ಕೊಂಡು ಸಂಜೆ ಹೊತ್ತಿಗೆ ಬಸ್ ಹತ್ತಿಬಿಡ್ತಾರೆ. ಅದೇ ಗಂಜಾಂನಲ್ಲಿ 1800ರ ಹೊತ್ತಿಗೆ ಕಟ್ಟಿದ ಒಂದು ಚಿಕ್ಕ ಚರ್ಚಿದೆ, ಅಬ್ಬೆ ದುಬಾಯ್ ಚರ್ಚು ಅಂತಾರೆ (ಅಬ್ಬೆ ಅಂದ್ರೆ ಫ್ರೆಂಚಲ್ಲಿ ಪಾದ್ರಿ), ಅಲ್ಲಿ ಗಾಡಿ ನಿಲ್ಸೋರು ತುಂಬಾ ಕಮ್ಮಿ. ನಮ್ ಕಡೆ ಚರ್ಚು ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಮೈಸೂರಿನ ಸೇಂಟ್ ಫಿಲೋಮಿನಾ, 175 ಅಡಿ ಎತ್ತರದ ಎರಡು ಗೋಪುರ, ಜರ್ಮನಿಯ ಕಲೋನ್ ಚರ್ಚಿನ ಮಾದರಿ, ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ್ದು. ಗಂಜಾಂ ಚರ್ಚು ಅದಕ್ಕಿಂತ 130 ವರ್ಷಕ್ಕೂ ಹೆಚ್ಚು ಹಳೇದು. ಮೈಸೂರು ಸಬರ್ಬನ್ ಬಸ್ ಸ್ಟ್ಯಾಂಡ್ ಪಕ್ಕ ಇರೋ ಸೇಂಟ್ ಬಾರ್ಥಲೋಮಿಯೋ ಚರ್ಚು ಕೂಡ ಹಳೇದೇ, ಅದನ್ನೂ ಯಾರೂ ಗಮನಿಸಲ್ಲ, ಆದ್ರೆ ಅದೂ ಇದಾದ ಮೇಲೆ ಬಂದಿದ್ದು.

ಈ ಚರ್ಚನ್ನ ಅರ್ಥ ಮಾಡ್ಕೋಬೇಕು ಅಂದ್ರೆ ಮೊದ್ಲು ಗಂಜಾಂ ಏನಾಗಿತ್ತು ಅಂತ ತಿಳ್ಕೋಬೇಕು. ಈಗ ಅದು ಹಳ್ಳಿ ಥರ ಕಾಣುತ್ತೆ, ಅಂಜೂರಕ್ಕೆ ಹೆಸ್ರಾಗಿದ್ದ ಜಾಗ ಅಂತ ಹಿರಿಯರು ಹೇಳ್ತಾರೆ. ಟಿಪ್ಪು ಕಾಲದಲ್ಲಿ ಅದು ರಾಜಧಾನಿಯ ಪೇಟೆ, ಶಹರ್ ಗಂಜಾಂ. ಅದನ್ನ ತುಂಬಿಸೋಕೆ ಅಂತ ಶಿರಾದಿಂದ 12,000 ಕುಟುಂಬಗಳನ್ನ ಬಲವಂತವಾಗಿ ಎಬ್ಬಿಸಿ ತಂದಿದ್ರು. 1799ರಲ್ಲಿ ಟಿಪ್ಪು ಸತ್ತ, ರಾಜಧಾನಿ ಮೈಸೂರಿಗೆ ಹೋಯ್ತು, ಊರು ಖಾಲಿಯಾಗೋಕೆ ಶುರು. ಮರುವರ್ಷ ಇಂಗ್ಲಿಷ್ ಕಂಪನಿ ಕಡೆಯಿಂದ ಸರ್ವೆ ಮಾಡೋಕೆ ಬಂದ ಬುಕಾನನ್ ಮನೆಗಳ ಲೆಕ್ಕ ಹಿಡಿದು ಇಡೀ ದ್ವೀಪದಲ್ಲಿ 31,895 ಜನ ಇದ್ದಾರೆ ಅಂತ ಅಂದಾಜು ಹಾಕಿದ, ಟಿಪ್ಪು ಇದ್ದಾಗ ಒಂದೂವರೆ ಲಕ್ಷ ಇತ್ತು ಅಂತಾನೂ ಅವನೇ ಬರ್ದಿದ್ದಾನೆ. ಆಮೇಲೆ ಜ್ವರ ಬೇರೆ. ಆ ಜ್ವರ ತಡೀಲಾರದೆ ಇಂಗ್ಲಿಷ್ ಪಡೆ 1809ರಲ್ಲಿ ಬೆಂಗಳೂರಿಗೇ ಎದ್ದು ಹೋಯ್ತು. ಎಲ್ರೂ ಬಿಟ್ಟು ಹೋಗ್ತಿರೋ ಊರಲ್ಲಿ ಒಬ್ಬ ಪಾದ್ರಿ ಹೊಸದಾಗಿ ಗೋಡೆ ಎಬ್ಬಿಸ್ತಾನೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ.

ಆ ಪಾದ್ರಿ ಜಾನ್ ಆಂಟೊನ್ ದುಬಾಯ್, ಫ್ರಾನ್ಸಿನವರು. ಅಲ್ಲಿ ಕ್ರಾಂತಿ ನಡೀತಿದ್ದಾಗ, 1792ರಲ್ಲಿ, ಪಾದ್ರಿಯಾಗಿ ದೀಕ್ಷೆ ತಗೊಂಡು ಇಂಡಿಯಾ ಕಡೆ ಹೊರಟವರು. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದಿದ್ನಲ್ಲ, ಕೋಟೆ ಬಿದ್ದ ಮೇಲೆ ಇಲ್ಲಿ ಚೆದುರಿ ಹೋಗಿದ್ದ ಕ್ರೈಸ್ತರನ್ನ ಮತ್ತೆ ಒಟ್ಟು ಮಾಡೋ ಕೆಲಸ ಇವರ ಪಾಲಿಗೆ ಬಂತು. ಪೇಟ ಸುತ್ತಿ, ನಮ್ ಜನರ ಥರ ಬಟ್ಟೆ ಹಾಕ್ಕೊಂಡು, ಮಾಂಸ ಬಿಟ್ಟು ಬದುಕಿದ್ರು, ಜನ ದೊಡ್ಡಸ್ವಾಮಿ ಅಂತ ಕರೀತಿದ್ರಂತೆ. ನಮ್ಮ ದೇಶದ ಆಚಾರ ವಿಚಾರದ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನ ಮದರಾಸು ಸರ್ಕಾರ 1807ರಲ್ಲಿ ದುಡ್ಡು ಕೊಟ್ಟು ತಗೊಂತು. ಅದ್ರಲ್ಲಿ ಬಹಳಷ್ಟು ಇನ್ನೊಬ್ಬ ಫ್ರೆಂಚ್ ಪಾದ್ರಿ ಮೊದ್ಲೇ ಬರೆದಿಟ್ಟಿದ್ದರಿಂದ ಎತ್ತಿದ್ದು ಅಂತ ಆಮೇಲೆ ಗೊತ್ತಾಯ್ತು, ಹಾಗಾಗಿ ಆ ಬರಹಕ್ಕೆ ಸಿಕ್ಕ ಹೆಸ್ರು ಸ್ವಲ್ಪ ಜಾಸ್ತಿನೇ ಆಯ್ತು ಅಂತ ನನಗನ್ಸುತ್ತೆ.

ಆದ್ರೆ ಇನ್ನೊಂದು ಕೆಲಸ ಇದೆ, ಅದು ಮಾತ್ರ ಪೂರ್ತಿ ಅವರ ಬೆವರು. ಸಿಡುಬಿನ ಲಸಿಕೆ. ಇಂಗ್ಲೆಂಡಿನ ಡಾಕ್ಟರ್ ಜೆನ್ನರ್ ದನದ ಸಿಡುಬಿನ ಕೀವು ಚುಚ್ಚಿ ನೋಡಿದ್ದು 1796ರಲ್ಲಿ. ಅದು ವಿಯೆನ್ನಾ, ಬಾಗ್ದಾದ್, ಬಸ್ರಾ ದಾಟಿ ಬೊಂಬಾಯಿಗೆ ಬಂದು ಅಲ್ಲಿ ಮೂರು ವರ್ಷದ ಒಂದು ಮಗುವಿಗೆ ಹಿಡಿದಿದ್ದು 1802ರ ಜೂನ್ 14ಕ್ಕೆ. ಆಗ ಫ್ರಿಜ್ ಇಲ್ಲ, ಐಸ್ ಬಾಕ್ಸ್ ಇಲ್ಲ, ಲಸಿಕೆ ಉಳೀಬೇಕು ಅಂದ್ರೆ ಒಬ್ಬರ ತೋಳಲ್ಲೇ ಉಳೀಬೇಕು, ಎಂಟನೇ ದಿನದ ಹೊತ್ತಿಗೆ ಗುಳ್ಳೆ ತುಂಬ್ಕೊಂಡಾಗ ಅದರ ರಸ ತೆಗೆದು ಮುಂದಿನವರ ತೋಳಿಗೆ ಹಾಕ್ಬೇಕು, ಒಂದ್ ಕಡೆ ಆ ಸರಪಳಿ ತುಂಡಾಯ್ತು ಅಂದ್ರೆ ಅಲ್ಲಿಗೆ ಮುಗೀತು. ಅಂಥದ್ರಲ್ಲಿ 1803-04ರಲ್ಲಿ ದುಬಾಯ್ ಮತ್ತೆ ಅವರ ಕೈಕೆಳಗಿನವರು ಮೈಸೂರು ಸೀಮೆಯಲ್ಲಿ 25,432 ಜನಕ್ಕೆ ಲಸಿಕೆ ಹಾಕಿ ಪಟ್ಟಿ ಬರೆದಿಟ್ರು. ಗಂಜಾಂ ಚರ್ಚಿಗೆ ಹೋದವ್ರು ಈ ಒಂದು ಲೆಕ್ಕ ಮನಸಲ್ಲಿಟ್ಕೊಂಡು ಹೋಗಿ ಅಂತ ನಾನು ಎಲ್ರಿಗೂ ಹೇಳ್ತೀನಿ.

ಈಗ ಕಟ್ಟಡಕ್ಕೆ ಬರೋಣ. 1800ರಲ್ಲಿ ಕಟ್ಟಿದ್ದು ಅಂದ್ರೆ ಸಿಮೆಂಟ್ ಇನ್ನೂ ಹುಟ್ಟಿರ್ಲಿಲ್ಲ, ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಲ್ಲಿ ಆಸ್ಪ್‌ಡಿನ್ ಪೇಟೆಂಟ್ ತಗೊಂಡಿದ್ದೇ 1824ರಲ್ಲಿ. ಆಗ ಪಕ್ಕಾ ಕಟ್ಟಡ ಅಂದ್ರೆ ಸುಣ್ಣದ ಗಾರೆ, ಅಷ್ಟೇ. ಪಕ್ಕದಲ್ಲೇ ಇರೋ ಗುಂಬಜ್, ದರಿಯಾ ದೌಲತ್ ಎಲ್ಲಾ ಇದೇ ಕಾಲದವು.

ಸುಣ್ಣದ ಕೆಮಿಸ್ಟ್ರಿ ನಿಜವಾಗ್ಲೂ ಚೆಂದ. ಸುಣ್ಣಕಲ್ಲನ್ನ ಗೂಡಲ್ಲಿ ಹಾಕಿ ಸುಮಾರು 900 ಡಿಗ್ರಿ ಕಾವಲ್ಲಿ ಸುಟ್ರೆ ಅದ್ರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತೆ, ನೂರು ಕೆಜಿ ಶುದ್ಧ ಕಲ್ಲು ಸುಟ್ರೆ 56 ಕೆಜಿ ಸುಟ್ಟ ಸುಣ್ಣ ಉಳಿಯುತ್ತೆ, ಮಿಕ್ಕ 44 ಕೆಜಿ ಗಾಳಿಗೆ. ಆ ಸುಣ್ಣಕ್ಕೆ ನೀರು ಹಾಕಿದ್ರೆ ಕೊತಕೊತ ಕುದ್ದು ಅರಳುತ್ತೆ. ಅರಳಿದ ಸುಣ್ಣಕ್ಕೆ ಮರಳು ಸೇರಿಸಿ ಗಾಣದಲ್ಲಿ ಅರೆದು ಗೋಡೆಗೆ ಹಾಕಿದ ಮೇಲೆ ಏನಾಗುತ್ತೆ ಅಂದ್ರೆ, ಅದು ಗಾಳಿಯಿಂದ ಅದೇ ಕಾರ್ಬನ್ ಡೈಆಕ್ಸೈಡ್ ವಾಪಸ್ ತಗೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತೆ, ಕಳ್ಕೊಂಡ 44 ಕೆಜಿಯನ್ನ ಗೋಡೆ ಮೇಲೆ ಕೂತ್ಕೊಂಡು ನಿಧಾನಕ್ಕೆ ವಸೂಲಿ ಮಾಡುತ್ತೆ. ನಿಧಾನ ಅಂದ್ರೆ ನಿಜವಾಗ್ಲೂ ನಿಧಾನ, ಹೊರಮೈಯಿಂದ ಒಳಕ್ಕೆ ವರ್ಷಕ್ಕೆ ಕೆಲವೇ ಮಿಲಿಮೀಟರ್, ದಪ್ಪ ಗೋಡೆ ಆದ್ರೆ ಕಟ್ಟಿದವರು ಹೋದ ಮೇಲೂ ಒಳಗೆ ಈ ಕೆಲಸ ನಡೀತಾನೇ ಇರುತ್ತೆ.

ಇದಕ್ಕೆ ಸುರ್ಕಿ ಸೇರಿಸಿದ್ರೆ, ಅಂದ್ರೆ ಸುಟ್ಟ ಇಟ್ಟಿಗೆ ಪುಡಿ, ಇನ್ನೊಂದು ಗುಣ ಬರುತ್ತೆ. ಇಟ್ಟಿಗೆ ಪುಡಿಯಲ್ಲಿರೋ ಸಿಲಿಕಾ, ಅಲ್ಯೂಮಿನಾ ಸುಣ್ಣದ ಜೊತೆ ಸೇರಿ ನೀರಲ್ಲೂ ಗಟ್ಟಿಯಾಗುತ್ತೆ, ಗಾಳಿನೇ ಬೇಕು ಅಂತಿಲ್ಲ. ಕನ್ನಂಬಾಡಿ ಕಟ್ಟೆ ನಿಂತಿರೋದು ಈ ಸುರ್ಕಿ ಗಾರೆ ಮೇಲೇನೇ, ಮಂಡ್ಯದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹಾಸನದ ಶೆಟ್ಟಿಹಳ್ಳಿ ಚರ್ಚು ನೋಡಿದ್ದೀರಲ್ಲ, ಫ್ರೆಂಚ್ ಪಾದ್ರಿಗಳೇ 1860ರ ಸುಮಾರಿಗೆ ಕಟ್ಟಿಸಿದ್ದು, ಹೇಮಾವತಿ ಹಿನ್ನೀರಲ್ಲಿ ಮಳೆಗಾಲ ಬಂದ್ರೆ ಮುಳುಗುತ್ತೆ, ಛಾವಣಿ ಹೋಗಿದೆ, ನೋಡ್ಕೊಳ್ಳೋರಿಲ್ಲ, ಆದ್ರೂ ಗೋಡೆ ಕಮಾನು ಬಹಳಷ್ಟು ದಶಕಗಳ ಕಾಲ ತಡ್ಕೊಂಡು ನಿಂತವು.

ಬೆಲ್ಲದ ವಿಷಯ ಹೇಳ್ದೆ ಮುಂದೆ ಹೋಗಕ್ಕಾಗಲ್ಲ, ಅದೂ ಮಂಡ್ಯ ಜಿಲ್ಲೆಯಲ್ಲಿ ಕೂತು. ದಕ್ಷಿಣದ ಗಾರೆ ಕೆಲಸದಲ್ಲಿ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕೋ ಪದ್ಧತಿ ಇತ್ತು. ಬರೀ ನಂಬಿಕೆ ಅಲ್ಲ ಅದು. ಸಕ್ಕರೆ ಅಂಶ ಇದ್ರೆ ಸುಣ್ಣ ನೀರಲ್ಲಿ ಹೆಚ್ಚು ಕರಗುತ್ತೆ, ಗಾರೆ ಕೈಗೆ ಮೆತ್ತಗೆ ಸಿಗುತ್ತೆ, ಇಟ್ಟಿಗೆಗೆ ಚೆನ್ನಾಗಿ ಅಂಟುತ್ತೆ. ಅದೇ ಬೆಲ್ಲನ ಸಿಮೆಂಟಿಗೆ ಹಾಕಿ ನೋಡಿ, ಸಾವಿರಕ್ಕೆ ಒಂದೆರಡು ಪಾಲು ಬಿದ್ರೂ ಸಾಕು, ಗಟ್ಟಿಯಾಗೋದು ಗಂಟೆಗಟ್ಟಲೆ ತಡ ಆಗುತ್ತೆ. ಸುಣ್ಣ, ಸಿಮೆಂಟ್ ಎರಡೂ ನೋಡೋಕೆ ಬೂದು ಬಿಳಿ ಪುಡಿನೇ, ಒಳಗಿನ ಸ್ವಭಾವ ಪೂರ್ತಿ ಬೇರೆ.

ಆ ಬೇರೆತನ ಜಾಸ್ತಿ ಗೊತ್ತಾಗೋದು ನೀರಿನ ವಿಷಯದಲ್ಲಿ. ಗಂಜಾಂ ಕಾವೇರಿ ದಡ, ನೆಲದಲ್ಲಿ ಯಾವಾಗ್ಲೂ ತೇವ, ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ನಿಮಿಷಾಂಬ ಗುಡಿ ಮೆಟ್ಟಿಲವರೆಗೂ ಹೊಳೆ ಬರುತ್ತೆ. ಇಟ್ಟಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಇರ್ತವೆ, ನೀರು ಅದ್ರೊಳಗೆ ಹತ್ಕೊಂಡು ಮೂರ್ನಾಲ್ಕು ಅಡಿ ಮೇಲಕ್ಕೆ ಬರೋದು ಸಾಮಾನ್ಯ, ಜೊತೆಗೆ ನೆಲದ ಉಪ್ಪೂ ಬರುತ್ತೆ. ಸುಣ್ಣದ ಗಾರೆ ಆದ್ರೆ ಆ ತೇವ ಆವಿಯಾಗಿ ಹೊರಗೆ ಹೋಗುತ್ತೆ, ಉಪ್ಪು ಗಾರೆ ಮೇಲೆ ಬಿಳಿಯಾಗಿ ಕೂರುತ್ತೆ, ಕೆಲವು ವರ್ಷ ಆದ್ಮೇಲೆ ಆ ಗಾರೆ ಉದುರುತ್ತೆ, ಕೆರೆದು ಹೊಸದು ಹಾಕಿದ್ರಾಯ್ತು, ಇಟ್ಟಿಗೆಗೆ ಏನೂ ಆಗಲ್ಲ. ಸಣ್ಣ ಕೂದಲೆಳೆ ಬಿರುಕು ಬಿಟ್ರೆ ಮಳೆ ನೀರಲ್ಲಿ ಕರಗಿದ ಸುಣ್ಣ ಆ ಸಂದಿಗೇ ಹೋಗಿ ಮತ್ತೆ ಗಟ್ಟಿಯಾಗಿ ಮುಚ್ಕೊಳ್ಳೋದೂ ಉಂಟು. ಇದ್ರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದು ಮೇಲೆ ಆಯಿಲ್ ಪೇಂಟ್ ಹೊಡೆದ್ರೆ ಏಪ್ರಿಲ್ ಬಿಸಿಲಲ್ಲಿ ರೇನ್‌ಕೋಟ್ ಹಾಕ್ಕೊಂಡ ಹಾಗೆ, ಒಳಗಿನ ತೇವಕ್ಕೆ ದಾರಿ ಇಲ್ಲ. ಅದು ಇನ್ನೂ ಮೇಲೆ ಹತ್ತುತ್ತೆ, ಉಪ್ಪು ಪ್ಲಾಸ್ಟರ್ ಹಿಂದೆ ಇಟ್ಟಿಗೆಯೊಳಗೇ ಹರಳಾಗಿ ಬೆಳೆದು ಒತ್ತುತ್ತೆ, ಹಳೇ ಇಟ್ಟಿಗೆ ಮೆದು, ಸಿಮೆಂಟ್ ಗಡಸು, ಹಾಗಾಗಿ ಪುಡಿಯಾಗೋದು ಇಟ್ಟಿಗೆನೇ. ಹೊರಗಡೆಯಿಂದ ನೋಡಿದ್ರೆ ನೀಟಾಗಿ ಕಾಣ್ತಿರುತ್ತೆ, ತಟ್ಟಿದ್ರೆ ಟೊಳ್ಳು ಸದ್ದು.

ಇದು ನನ್ನನ್ನ ಬಹಳ ಕಾಡೋ ವಿಷಯ. 2016ರಲ್ಲಿ ಮೈಸೂರಿನ ದೇವರಾಜ ಮಾರ್ಕೆಟಿನ ಒಂದು ಭಾಗ ಕುಸಿದು ಬಿತ್ತಲ್ಲ, ಅದಾದ ಮೇಲೆ ಹಳೇದೆಲ್ಲಾ ಶಿಥಿಲ, ಒಡೆದು ಹೊಸದು ಕಟ್ಟಿ ಅನ್ನೋ ಮಾತು ಜಾಸ್ತಿ ಕೇಳೋಕೆ ಶುರುವಾಯ್ತು. ಸುಣ್ಣದ ಕಟ್ಟಡ ಬೀಳೋಕೆ ವಯಸ್ಸೊಂದೇ ಕಾರಣ ಅಲ್ಲ, ಬಹಳ ಸಲ ಛಾವಣಿ ಸೋರೋದನ್ನ ಹಾಗೇ ಬಿಟ್ಟಿರ್ತಾರೆ, ಗೋಡೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿರುತ್ತೆ, ಇಲ್ಲಾ ರಿಪೇರಿ ಹೆಸರಲ್ಲಿ ಸಿಮೆಂಟ್ ಮೆತ್ತಿರ್ತಾರೆ.

ಗಂಜಾಂ ಚರ್ಚು, ಬಾರ್ಥಲೋಮಿಯೋ ಚರ್ಚು, ಊರಿನ ಹಳೇ ಗುಡಿ, ಮಸೀದಿ, ಯಾವುದೇ ಇರ್ಲಿ, ಹಬ್ಬಕ್ಕೆ ಮುಂಚೆ ಬಣ್ಣ ಬಳಿಸೋ ಜವಾಬ್ದಾರಿ ಹೊತ್ತಿರೋರಿಗೆ ಒಂದು ಕೋರಿಕೆ. ಮೊದ್ಲು ಛಾವಣಿ ನೀರು ಗೋಡೆಗೆ ಬೀಳದ ಹಾಗೆ ಮಾಡಿ, ಗೋಡೆ ಬುಡದಲ್ಲಿ ಕಾಂಕ್ರೀಟ್ ಹಾಕಿಸ್ಬೇಡಿ, ತೇವ ನೆಲದಿಂದ್ಲೇ ಆವಿಯಾಗೋಕೆ ಜಾಗ ಬಿಡಿ. ಗಾರೆ ಉದುರಿರೋ ಕಡೆ ಸುಣ್ಣ ಸುರ್ಕಿ ಗಾರೆನೇ ಹಾಕಿಸಿ, ಒಂದೇ ಸಲ ದಪ್ಪಕ್ಕೆ ಬೇಡ, ತೆಳ್ಳಗೆ ಎರಡು ಮೂರು ಪದರ, ಪ್ರತಿ ಪದರಕ್ಕೂ ಗೋಣಿಚೀಲ ಕಟ್ಟಿ ದಿನಗಟ್ಟಲೆ ತೇವ ಇಡ್ಬೇಕು, ಬಿಸಿಲಿಗೆ ಬೇಗ ಒಣಗಿದ್ರೆ ಗಾಳಿ ಹೀರ್ಕೊಳ್ಳೋ ಮೊದ್ಲೇ ಪುಡಿಯಾಗುತ್ತೆ. ಮೇಲೆ ಬಣ್ಣ ಬೇಕು ಅಂದ್ರೆ ಸುಣ್ಣವೇ ಹೊಡೆಸಿ. ಕೆಲಸಕ್ಕೆ ವಾರಗಟ್ಟಲೆ ಜಾಸ್ತಿ ಹಿಡಿಯುತ್ತೆ, ಹಬ್ಬದ ತಾರೀಖು ನೋಡ್ಕೊಂಡು ಮಳೆಗಾಲ ಮುಗಿದ ತಕ್ಷಣ ಶುರು ಮಾಡ್ಸಿದ್ರೆ ಡಿಸೆಂಬರ್ ಹೊತ್ತಿಗೆ ಸರಿಹೋಗುತ್ತೆ.